ಮುಖ್ಯ ಸರ್ವರ್ ಕೈಕೊಟ್ಟಾಗ ಮೀಸಲು ಸರ್ವರ್‌ಗೆ ಬದಲಾಗುವುದು ಹೇಗೆ?

2020ರ ಅಕ್ಟೋಬರ್ 12ರ ಬೆಳಗ್ಗೆ ಮುಂಬೈ, ಠಾಣೆ, ನವಿ ಮುಂಬೈಗಳಲ್ಲಿ ಒಟ್ಟೊಟ್ಟಿಗೇ ಕರೆಂಟು ಹೋಗಿತ್ತು. ಮುಂಬೈಯ ಫೋರ್ಟ್‌ನಲ್ಲಿ ಮುಖ್ಯ ಸರ್ವರ್, ನವಿ ಮುಂಬೈಯ ವಾಶಿಯಲ್ಲಿ ಮೀಸಲು ಸರ್ವರ್ ಇಟ್ಟುಕೊಂಡವರಿಗೆ ಅಂಥ ದಿನ ಎರಡೂ ಇಲ್ಲವಾಗಬಹುದು. ಆದ್ದರಿಂದ ಮೀಸಲು ಸರ್ವರ್ ಘಟ್ಟದ ಮೇಲೆ, ಪುಣೆಯಲ್ಲಿರುವುದು ಲೇಸು.

ಮಾತುಂಗಾ, ಡೊಂಬಿವಲಿಗಳಲ್ಲಿ ಶಾಖೆಗಳಿರುವ ಕನ್ನಡಿಗರ ಪತ್ತಿನ ಸಹಕಾರ ಸಂಘವೊಂದು ಚೆಕ್ ಪಾಯಿಂಟ್ ಕಂಪನಿಯ ಫೈರ್‌ವಾಲ್‌ಗಳನ್ನು (ಜಾಲದ ಕಾವಲು ಸಾಧನಗಳನ್ನು) ಬಳಸುತ್ತಿದೆ, ಅವುಗಳಿಗೆ ನಿಯಮ ಕಳಿಸುವ ಮ್ಯಾನೇಜ್‌ಮೆಂಟ್ ಸರ್ವರ್‌ಗಳಲ್ಲಿ ಮುಖ್ಯವಾದದ್ದು ಫೋರ್ಟ್‌ನಲ್ಲಿ, ಮೀಸಲಾದದ್ದು ಪುಣೆಯಲ್ಲಿ ಇದೆ ಎಂದಿಟ್ಟುಕೊಳ್ಳೋಣ. ಮುಖ್ಯ ಮ್ಯಾನೇಜ್‌ಮೆಂಟ್ ಸರ್ವರ್ ನಿಂತುಹೋದರೂ ಶಾಖೆಯ ಫೈರ್‌ವಾಲ್‌ಗಳು ಕೊನೆಯ ಸಲ ಕಳಿಸಿದ ನಿಯಮಗಳಂತೆಯೇ ಕೆಲಸ ಮಾಡುತ್ತವೆ, ಲಾಗ್‌ಗಳನ್ನು (ನಡೆದದ್ದರ ದಾಖಲೆಗಳನ್ನು) ತಮ್ಮಲ್ಲೇ ಉಳಿಸಿಕೊಳ್ಳುತ್ತವೆ. ಹಾಗಾಗಿ ಹತ್ತು ನಿಮಿಷ ತಡವಾದರೂ ಚಿಂತೆಯಿಲ್ಲ; ಸರ್ವರ್ರೇ ಕೆಟ್ಟಿದೆಯೋ, ನಡುವಿನ ಲೈನ್ ಮಾತ್ರ ಕಡಿದಿದೆಯೋ ಎಂಬುದನ್ನು ಅದರ ಕೋಣೆಯಲ್ಲಿರುವವರಿಗೇ ಫೋನ್ ಮಾಡಿ ಮೊದಲು ಖಚಿತಪಡಿಸಿಕೊಳ್ಳಬೇಕು.

ಆಮೇಲೆ ಈ ಸರ್ವರ್‌ಗಳನ್ನು ನಿರ್ವಹಿಸುವ ತಂತ್ರಾಂಶವಾದ ಸ್ಮಾರ್ಟ್‌ಕನ್ಸೋಲ್‌ನಿಂದ ಪುಣೆಯ ಸರ್ವರ್‌ಗೆ ಲಾಗಿನ್ ಆಗಿ. ಸ್ಟ್ಯಾಂಡ್‌ಬೈ (ಮೀಸಲು) ಆಗಿರುವಷ್ಟು ಹೊತ್ತು ಅದರಲ್ಲಿ ನೋಡಬಹುದೇ ಹೊರತು ಏನನ್ನೂ ಬದಲಿಸಲಾಗದು. ಮೆನುವಿನಲ್ಲಿ ಮ್ಯಾನೇಜ್‌ಮೆಂಟ್ ಹೈ ಅವೈಲೆಬಿಲಿಟಿ ತೆರೆದು, ಎರಡೂ ಸರ್ವರ್‌ಗಳ ಮಾಹಿತಿ ಕೊನೆಯ ಸಲ ಸಿಂಕ್ ಆದ (ಹೊಂದಿಕೊಂಡ) ಹೊತ್ತನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಆ ಹೊತ್ತಿನ ನಂತರ ಮಾಡಿದ ಬದಲಾವಣೆಗಳೂ ಪಬ್ಲಿಷ್ ಮಾಡದೆ (ಎಲ್ಲ ಅಡ್ಮಿನ್‌ಗಳಿಗೂ ಕಾಣುವಂತೆ ಉಳಿಸದೆ) ಬಿಟ್ಟವೂ ಇಲ್ಲಿಗೆ ಬಂದಿರುವುದಿಲ್ಲ. ಅವನ್ನು ಮತ್ತೆ ಮಾಡಬೇಕಾಗುತ್ತದೆ. ಈಗ ಪುಣೆಯ ಸರ್ವರನ್ನು ಆ್ಯಕ್ಟಿವ್ (ಮುಖ್ಯ) ಆಗಿಸಲು ‘ಸೆಟ್ ಆ್ಯಕ್ಟಿವ್’ ಒತ್ತಿ. ಈ ಬದಲಾವಣೆ ತಾನಾಗಿಯೇ ಆಗುವುದಿಲ್ಲ, ಮನುಷ್ಯನೇ ಮಾಡಬೇಕು; ಹಾಗಿರುವುದೇ ಸರಿ ಎಂದು ನನಗನಿಸುತ್ತದೆ. ನಂತರ ಚಿಕ್ಕ ಶಾಖೆಯೊಂದಕ್ಕೆ ಮಾತ್ರ ಪಾಲಿಸಿ (ನಿಯಮಗಳ ಕಟ್ಟು) ಕಳಿಸಿ, ಲಾಗ್ ಬರುತ್ತಿದೆಯೇ ನೋಡಿ, ಮಿಕ್ಕ ಶಾಖೆಗಳಿಗೆ ಮುಂದುವರಿಯಿರಿ.

ನಿಜವಾದ ಅಪಾಯವಿರುವುದು ಕರೆಂಟು ಮರಳಿದ ಮೇಲೆ. ಫೋರ್ಟ್‌ನ ಸರ್ವರ್‌ಗೆ ಪುಣೆಯಲ್ಲಿ ನಡೆದದ್ದು ತಿಳಿಯದು. ಅದು ಎದ್ದಾಗ ತಾನೂ ಆ್ಯಕ್ಟಿವ್ ಎಂದೇ ಭಾವಿಸುತ್ತದೆ. ಇಬ್ಬರು ಅಡ್ಮಿನ್‌ಗಳು ಎರಡು ಕಡೆ ಬೇರೆ ಬೇರೆ ನಿಯಮ ಬರೆದರೆ, ಕೊನೆಗೆ ಒಬ್ಬರ ಕೆಲಸ ಅಳಿಸಿಹೋಗುವುದು ಖಂಡಿತ. ಏಕೆಂದರೆ ಯಾವ ಸರ್ವರನ್ನು ಸ್ಟ್ಯಾಂಡ್‌ಬೈ ಮಾಡುತ್ತೇವೋ ಅದರಲ್ಲಿದ್ದುದರ ಮೇಲೆ ಇನ್ನೊಂದರ ಮಾಹಿತಿ ಬಂದು ಕೂರುತ್ತದೆ. ಆದ್ದರಿಂದ ಫೋರ್ಟ್‌ನ ಸರ್ವರ್ ಮುಟ್ಟಬಾರದೆಂದು ಎಲ್ಲ ಅಡ್ಮಿನ್‌ಗಳಿಗೂ ಮೊದಲೇ ತಿಳಿಸಿ, ಒಬ್ಬರೇ ಲಾಗಿನ್ ಆಗಿ ಅದನ್ನು ಸ್ಟ್ಯಾಂಡ್‌ಬೈ ಮಾಡಬೇಕು. ಎರಡರಲ್ಲೂ ಆವೃತ್ತಿ ಒಂದೇ ಇರಲಿ.

ಸಿಂಕ್ ಪೂರ್ತಿಯಾಗಿದೆ ಎಂದು ಎರಡೂ ಸರ್ವರ್‌ಗಳ ಪರದೆಯಲ್ಲಿ ಕಂಡ ಮೇಲೆಯೇ ಮರಳಿ ಫೋರ್ಟ್‌ಗೆ ಬದಲಾಗುವ ಯೋಚನೆ ಮಾಡಿ. ಅದನ್ನೂ ಶಾಖೆಗಳ ವ್ಯವಹಾರ ಮುಗಿದ ಸಂಜೆಗೆ ಇಟ್ಟುಕೊಳ್ಳಿ.