ಯೋಜನೆಗೂ ಬಜೆಟ್ಟಿಗೂ ಗಂಟು ಹಾಕಿದ್ದು: ಒಂದು ಸಮುದಾಯ ಕಾಲೇಜಿನ ಅನುಭವ

ಕ್ಯಾಲಿಫೋರ್ನಿಯಾದ ಸಮುದಾಯ ಕಾಲೇಜೊಂದರಲ್ಲಿ, ಅಂದರೆ ಸುಮಾರು ಎರಡು ವರ್ಷ ಓದಿ ವಿಶ್ವವಿದ್ಯಾಲಯಕ್ಕೆ ವರ್ಗವಾಗುವ ಇಲ್ಲವೇ ಉದ್ಯೋಗಕ್ಕೆ ತಯಾರಾಗುವ ಸಾರ್ವಜನಿಕ ಕಾಲೇಜಿನಲ್ಲಿ, ನಾನು ಗಣಿತ ಕಲಿಸುತ್ತೇನೆ. ಅಧ್ಯಾಪಕರ ಪ್ರಾತಿನಿಧಿಕ ಸಭೆಯಾದ ಅಕಾಡೆಮಿಕ್ ಸೆನೆಟ್ ನನ್ನನ್ನು ಯೋಜನಾ ಸಮಿತಿಯ ಸಹ-ಅಧ್ಯಕ್ಷನನ್ನಾಗಿ ಕಳುಹಿಸಿದಾಗ, ಕಾಲೇಜಿನ ಮುಂದಿನ ಕಾರ್ಯತಂತ್ರ ಯೋಜನೆಯನ್ನು ರೂಪಿಸುವ ಹೊಣೆ ನನ್ನ ಪಾಲಿಗೂ ಬಂತು. ಹಿಂದೆ ಕರ್ನಾಟಕದ ಪದವಿ ಕಾಲೇಜಿನಲ್ಲಿ ಪಾಠ ಮಾಡಿದ್ದ ನನ್ನ ಮಟ್ಟಿಗೆ ಆಡಳಿತವೆಂದರೆ ಮೇಲಿನಿಂದ ಬರುವ ಸುತ್ತೋಲೆ, ಅದನ್ನು ಓದಿದ್ದೇವೆಂದು ನಾವು ಹಾಕುವ ಸಹಿ, ಅಷ್ಟೇ ಆಗಿತ್ತು. ಇಲ್ಲಿ ಯಾರಿಗೆ ಯಾವ ವಿಷಯದಲ್ಲಿ ಮಾತಿದೆ ಎಂಬುದನ್ನು ಕಾನೂನೇ ಬರೆದಿಟ್ಟಿದೆ. ಆದ್ದರಿಂದ ಯೋಜನೆಯ ಕರಡಿಗೆ ಕೈ ಹಾಕುವ ಮೊದಲು ಆ ಕಾನೂನನ್ನೇ ಓದಿಕೊಂಡೆ.

ರಾಜ್ಯದ 116 ಸಮುದಾಯ ಕಾಲೇಜುಗಳು 73 ಜಿಲ್ಲಾ ಮಂಡಳಿಗಳ ಅಡಿಯಲ್ಲಿವೆ. ಮಂಡಳಿಯ ಸದಸ್ಯರಾದ ಟ್ರಸ್ಟಿಗಳನ್ನು ಆಯಾ ಪ್ರದೇಶದ ಮತದಾರರೇ ಆರಿಸುತ್ತಾರೆ. 1988ರಲ್ಲಿ ಅಂಗೀಕಾರವಾದ ಎಬಿ 1725 ಎಂಬ ಶಾಸನ ಮತ್ತು ಅದನ್ನು ಅನುಸರಿಸಿ ಬಂದ ನಿಯಮಗಳು, ಪಠ್ಯಕ್ರಮ, ಅಂಕ ನೀಡಿಕೆಯ ನೀತಿ, ಪದವಿಯ ಅರ್ಹತೆಗಳು ಮುಂತಾದ ಶೈಕ್ಷಣಿಕ ವಿಷಯಗಳಲ್ಲಿ ಮಂಡಳಿಯು ಅಧ್ಯಾಪಕರ ಸೆನೆಟ್ಟಿನೊಡನೆ ಸಮಾಲೋಚಿಸಲೇಬೇಕೆಂದು ವಿಧಿಸುತ್ತವೆ. ಒಂದೋ ಮಂಡಳಿ ಮುಖ್ಯವಾಗಿ ಸೆನೆಟ್ಟಿನ ಸಲಹೆಯನ್ನೇ ಆಧರಿಸಬೇಕು, ಇಲ್ಲವೇ ಎರಡೂ ಕಡೆಯವರು ಒಮ್ಮತಕ್ಕೆ ಬರಬೇಕು. ಹನ್ನೊಂದು ಬಾಬುಗಳ ಈ ಪಟ್ಟಿಯನ್ನು ಇಲ್ಲಿನ ಅಧ್ಯಾಪಕರು ‘ಟೆನ್ ಪ್ಲಸ್ ಒನ್’ ಎಂದೇ ಕರೆಯುತ್ತಾರೆ. ಅದರ ಹತ್ತನೆಯ ಬಾಬು ಯೋಜನೆ ಮತ್ತು ಬಜೆಟ್ ತಯಾರಿಕೆಯ ಪ್ರಕ್ರಿಯೆಗೆ ಸಂಬಂಧಿಸಿದ್ದು. ಪ್ರಕ್ರಿಯೆ ಎಂದಷ್ಟೇ ಇದೆ, ಬಜೆಟ್ ಎಂದಿಲ್ಲ. ಹಣ ಹಂಚುವ ಅಧಿಕಾರ ನಮಗಿಲ್ಲ; ಹಣ ಕೇಳುವ ಅರ್ಜಿ ಹೇಗಿರಬೇಕು, ಅದನ್ನು ಯಾರು ಯಾವ ಮಾನದಂಡದಿಂದ ಅಳೆಯಬೇಕು ಎಂಬುದರಲ್ಲಿ ಮಾತ್ರ ನಮಗೆ ಮಾತಿದೆ. ನಾನು ಹೆಚ್ಚು ಶ್ರಮ ಹಾಕಿದ್ದು ಆ ಅರ್ಜಿಯ ಮೇಲೆಯೇ.

ಹಾಗೆಂದು ಗುರಿಗಳನ್ನು ಬರೆಯುವ ಕೆಲಸ ಹಗುರವಾಗಿತ್ತೆಂದಲ್ಲ. ನಮ್ಮ ಕೈಗೆ ಬಂದ ಹಳೆಯ ಯೋಜನೆಯಲ್ಲಿ ‘ವಿದ್ಯಾರ್ಥಿಗಳ ಯಶಸ್ಸಿಗೆ ಪೂರಕವಾದ ವಾತಾವರಣವನ್ನು ಬೆಳೆಸುವುದು’ ಎಂಬಂತಹ ವಾಕ್ಯಗಳೇ ತುಂಬಿದ್ದವು. ಅವುಗಳನ್ನು ಯಾರೂ ವಿರೋಧಿಸಲಾರರು, ಯಾರೂ ಈಡೇರಿಸಲೂ ಆರರು. ಪ್ರತಿಯೊಂದು ಗುರಿಯ ಮುಂದೆಯೂ ಇದರ ಹೊಣೆ ಯಾರದು, ಈಡೇರಿತೆಂದು ನಮಗೆ ಗೊತ್ತಾಗುವುದು ಹೇಗೆ ಎಂಬ ಎರಡೇ ಪ್ರಶ್ನೆಗಳನ್ನು ಇಟ್ಟೆವು. ಉತ್ತರ ಸಿಗದ ಗುರಿಗಳು ತಾವಾಗಿಯೇ ಉದುರಿದವು. ಮೇಲಿನ ವಾಕ್ಯದ ಜಾಗಕ್ಕೆ, ಮೊದಲ ವರ್ಷದೊಳಗೆ ವಿಶ್ವವಿದ್ಯಾಲಯ ವರ್ಗಾವಣೆಯ ಮಟ್ಟದ ಗಣಿತ ಮತ್ತು ಇಂಗ್ಲಿಷ್ ಎರಡನ್ನೂ ಮುಗಿಸುವ ವಿದ್ಯಾರ್ಥಿಗಳ ಪ್ರಮಾಣವನ್ನು ಹೆಚ್ಚಿಸುವ ಗುರಿ ಬಂತು. ಇದರಲ್ಲಿ ಎಣಿಕೆಗೆ ಸಿಗುವ ಸಂಗತಿ ಇದೆ, ಹೊಣೆ ಹೊರುವ ವಿಭಾಗಗಳೂ ಇವೆ.

ಸಹೋದ್ಯೋಗಿಗಳು ಕೆಲವರಿಗೆ ಇದರ ಬಗ್ಗೆ ಗುಮಾನಿ ಇತ್ತು, ಅದು ನ್ಯಾಯವಾದದ್ದೇ. 2018ರಲ್ಲಿ ಬಂದ ಅನುದಾನ ಸೂತ್ರವು ರಾಜ್ಯದ ಹಣದಲ್ಲಿ ಸುಮಾರು 70 ಶೇಕಡಾವನ್ನು ದಾಖಲಾತಿಗೆ, 20 ಶೇಕಡಾವನ್ನು ಕಡಿಮೆ ಆದಾಯದ ವಿದ್ಯಾರ್ಥಿಗಳ ಸಂಖ್ಯೆಗೆ, 10 ಶೇಕಡಾವನ್ನು ಫಲಿತಾಂಶಕ್ಕೆ ಜೋಡಿಸಿತು. ನಾವು ಬರೆದ ಗುರಿ ಆ ಫಲಿತಾಂಶದ ಅಳತೆಗಳಲ್ಲಿ ಒಂದು. ಹಾಗಾದರೆ ನಾವು ಯೋಜನೆ ಮಾಡುತ್ತಿರುವುದು ವಿದ್ಯಾರ್ಥಿಗಳಿಗಾಗಿಯೋ ಸೂತ್ರಕ್ಕಾಗಿಯೋ ಎಂದು ಅವರು ಕೇಳಿದರು. ಸಂಜೆಯ ಹೊತ್ತು ಒಂದೇ ಕೋರ್ಸಿಗೆ ಬಂದು ಹೋಗುವ ನಡುವಯಸ್ಸಿನ ಕೆಲಸಗಾರನನ್ನು ಈ ಅಳತೆ ಕಾಣುವುದೇ ಇಲ್ಲ ಎಂಬ ಅವರ ಮಾತನ್ನು ಒಪ್ಪಿ, ಸೂತ್ರದಲ್ಲಿ ಲೆಕ್ಕಕ್ಕೆ ಬಾರದ ಇನ್ನೊಂದು ಗುರಿಯನ್ನು ಬೇಕೆಂದೇ ಸೇರಿಸಿದೆವು: ಅರೆಕಾಲಿಕ ವಿದ್ಯಾರ್ಥಿಗಳು ಒಂದು ಸೆಮಿಸ್ಟರಿನಿಂದ ಮುಂದಿನದಕ್ಕೆ ಮರಳಿ ಬರುವುದು.

ಆ ಗುರಿಗೆ ಹುರುಳು ಬಂದದ್ದು ಪ್ರವೇಶ ಕಚೇರಿಯ ಕೌಂಟರಿನಲ್ಲಿ ಕೂರುವ ಮಹಿಳೆಯೊಬ್ಬರ ಮಾತಿನಿಂದ. ಸಮಿತಿಯಲ್ಲಿ ಬೋಧಕೇತರ ಸಿಬ್ಬಂದಿಗೂ ವಿದ್ಯಾರ್ಥಿಗಳಿಗೂ ಸ್ಥಾನವಿರುವುದು ಉಪಕಾರವೇನಲ್ಲ, ನಿಯಮ. ಅಂಕಿಅಂಶಗಳ ಕೋಷ್ಟಕವನ್ನು ನೋಡಿ, ವಿದ್ಯಾರ್ಥಿಗಳಿಗೆ ಆಸಕ್ತಿ ಕುಂದಿದೆಯೆಂದು ನಾವೆಲ್ಲ ವ್ಯಾಖ್ಯಾನಿಸುತ್ತಿದ್ದಾಗ, ಅವರು ಒಂದು ಚಿಕ್ಕ ಬಾಕಿ ಶುಲ್ಕವಿದ್ದರೂ ಗಣಕ ವ್ಯವಸ್ಥೆ ಮುಂದಿನ ನೋಂದಣಿಯನ್ನು ತಡೆಯುತ್ತದೆ, ತಡೆ ಬಿದ್ದಿದೆಯೆಂದು ತಿಳಿಯುವ ಹೊತ್ತಿಗೆ ಬೇಕಾದ ತರಗತಿ ತುಂಬಿರುತ್ತದೆ, ಆಮೇಲೆ ವಿದ್ಯಾರ್ಥಿಗಳು ಬರುವುದೇ ಇಲ್ಲ ಎಂದು ವಿವರಿಸಿದರು. ಕೋಷ್ಟಕದ ಯಾವ ಕಾಲಮ್ಮಿನಲ್ಲಿಯೂ ಅದು ಇರಲಿಲ್ಲ.

ಇನ್ನು ಅರ್ಜಿಯ ವಿಷಯ. ಪ್ರತಿ ವಿಭಾಗವೂ ತನ್ನ ಕೆಲಸವನ್ನು ತಾನೇ ಪರಿಶೀಲಿಸಿ ಬರೆಯುವ ಪ್ರೋಗ್ರಾಮ್ ರಿವ್ಯೂ ಎಂಬ ವರದಿ ಇದೆ. ಹೊಸ ಹುದ್ದೆ, ಉಪಕರಣ, ಹೆಚ್ಚುವರಿ ಹಣ ಬೇಕಾದವರು ಅದರ ಕೊನೆಯ ಪುಟದಲ್ಲಿ ಬೇಡಿಕೆ ಬರೆಯುತ್ತಿದ್ದರು. ಆ ಪುಟವನ್ನು ನಾವು ಬದಲಿಸಿದೆವು. ಯೋಜನೆಯ ಯಾವ ಗುರಿಗೆ ಈ ಬೇಡಿಕೆ ಸೇರುತ್ತದೆ, ಆಧಾರವೇನು, ಕಳೆದ ಬಾರಿ ಸಿಕ್ಕ ಹಣದಿಂದ ಏನಾಯಿತು ಎಂದು ಕೇಳಿ, ಉತ್ತರಗಳಿಗೆ ಅಂಕ ಕೊಟ್ಟೆವು. ಮೊದಲ ಸುತ್ತಿನಲ್ಲೇ ತೊಡಕು ಎದುರಾಯಿತು. ಸಂಜೆ ಟ್ಯೂಟರಿಂಗ್ ಕೇಂದ್ರವನ್ನು ಹೆಚ್ಚು ಹೊತ್ತು ತೆರೆದಿಡುವ ಬೇಡಿಕೆಗೆ ಅಂಕಗಳು ಧಾರಾಳವಾಗಿ ಬಂದವು. ರಸಾಯನಶಾಸ್ತ್ರ ವಿಭಾಗ ಕೇಳಿದ, ಪ್ರಯೋಗಾಲಯದ ವಿಷಾನಿಲವನ್ನು ಹೊರಗೆಳೆಯುವ ಹಳೆಯ ಫ್ಯೂಮ್ ಹುಡ್‌ನ ಬದಲಾವಣೆಗೆ ಬರಲಿಲ್ಲ, ಏಕೆಂದರೆ ಅದು ಯಾವ ಗುರಿಗೂ ಸೇರದು. ಜನರು ಉಸಿರಾಡುವ ಗಾಳಿ ಕಾರ್ಯತಂತ್ರಕ್ಕೆ ಕಾಯಬಾರದು. ಸುರಕ್ಷತೆ ಮತ್ತು ಕಾನೂನಿನ ಅಗತ್ಯಗಳನ್ನು ಅಂಕಗಳ ಸ್ಪರ್ಧೆಯಿಂದ ಹೊರಗಿಟ್ಟು, ಅವಕ್ಕೆ ಬೇರೆ ದಾರಿ ಮಾಡಿದೆವು. ಯೋಜನೆಗೂ ಬಜೆಟ್ಟಿಗೂ ಗಂಟು ಹಾಕುವವರು ಇದನ್ನು ಮೊದಲೇ ಯೋಚಿಸಿಕೊಳ್ಳುವುದು ಒಳ್ಳೆಯದು.

ಸೆನೆಟ್ಟಿನ ಶಿಫಾರಸನ್ನು ಒಪ್ಪದಿದ್ದರೆ, ಸೆನೆಟ್ ಕೇಳಿದಾಗ ಮಂಡಳಿ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂಬ ನಿಯಮವಿದೆ. ಅದನ್ನೇ ಮಾದರಿಯಾಗಿಟ್ಟುಕೊಂಡು, ಸಮಿತಿ ಕೊಟ್ಟ ಬೇಡಿಕೆಗಳ ಆದ್ಯತಾ ಪಟ್ಟಿಯನ್ನು ಕಾಲೇಜಿನ ಪ್ರೆಸಿಡೆಂಟ್ ಬದಲಿಸಿದರೆ ಕಾರಣ ಬರೆದುಕೊಡಬೇಕೆಂದು ಕೇಳಿದೆವು, ಅವರು ಒಪ್ಪಿದರು. ನನ್ನ ದೃಷ್ಟಿಯಲ್ಲಿ ಇಡೀ ದಾಖಲೆಯಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದ ಸಾಲು ಇದು. ಪಟ್ಟಿ ಬದಲಾಗುವುದು ನಿಂತಿಲ್ಲ, ಆದರೆ ಏಕೆ ಬದಲಾಯಿತೆಂದು ಕಾರಿಡಾರಿನಲ್ಲಿ ಊಹಿಸುವುದು ನಿಂತಿದೆ.

ಸಭೆಗಳ ಬಗ್ಗೆಯೂ ಒಂದು ಮಾತು. 1953ರ ಬ್ರೌನ್ ಕಾಯ್ದೆಯ ಪ್ರಕಾರ ಮಂಡಳಿ, ಸೆನೆಟ್ ಮುಂತಾದವುಗಳ ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಸಾರ್ವಜನಿಕರಿಗೆ ಪ್ರಕಟಿಸಬೇಕು, ಅದರಲ್ಲಿಲ್ಲದ ವಿಷಯದ ಮೇಲೆ ನಿರ್ಧಾರ ಕೈಗೊಳ್ಳುವಂತಿಲ್ಲ. ಅವಸರವಿದ್ದಾಗ ಇದು ಕಾಲಿಗೆ ತೊಡಕಾಗುತ್ತದೆ ನಿಜ. ಆದರೆ ಕರಡನ್ನು ಒಂದು ಸಭೆಯಲ್ಲಿ ಓದಿ ಮುಂದಿನ ಸಭೆಯಲ್ಲಿ ಮತಕ್ಕೆ ಹಾಕುವ ರೂಢಿಯಿಂದಾಗಿ, ನಡುವಿನ ವಾರಗಳಲ್ಲಿ ಪ್ರತಿನಿಧಿಗಳು ತಮ್ಮ ವಿಭಾಗಗಳನ್ನು ಕೇಳಿಕೊಂಡು ಬರಲು ಸಾಧ್ಯವಾಯಿತು.

ಮಂಡಳಿ ಯೋಜನೆಯನ್ನು ಹೆಚ್ಚು ಚರ್ಚೆಯಿಲ್ಲದೆ ಅಂಗೀಕರಿಸಿತು. ಬಳಿಕ ಉಳಿದದ್ದು ಕಾಲಪಟ್ಟಿಯ ಕೆಲಸ. ಗವರ್ನರ್ ಜನವರಿಯಲ್ಲಿ ರಾಜ್ಯದ ಬಜೆಟ್ ಪ್ರಸ್ತಾವನೆಯನ್ನು ಮಂಡಿಸಿ ಮೇ ತಿಂಗಳಲ್ಲಿ ಪರಿಷ್ಕರಿಸುತ್ತಾರೆ, ಆರ್ಥಿಕ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ. ಮೇ ಪರಿಷ್ಕರಣೆ ಬಂದಾಗ ನಮ್ಮ ಆದ್ಯತಾ ಪಟ್ಟಿ ಕೈಯಲ್ಲಿರದಿದ್ದರೆ, ಬಂದ ಹಣವನ್ನು ಎಲ್ಲಿ ಹಾಕಬೇಕೆಂಬುದನ್ನು ಹಣಕಾಸು ಕಚೇರಿ ಒಂದೇ ತೀರ್ಮಾನಿಸಬೇಕಾಗುತ್ತದೆ. ಆದ್ದರಿಂದ ಪಟ್ಟಿಯನ್ನು ಏಪ್ರಿಲ್‌ನಲ್ಲೇ ಮುಗಿಸುತ್ತೇವೆ, ಅದಕ್ಕಾಗಿ ವಿಭಾಗಗಳಿಗೆ ಅರ್ಜಿ ನಮೂನೆಯನ್ನು ಈಗ ಸೆಪ್ಟೆಂಬರ್‌ನಲ್ಲೇ ಕಳುಹಿಸುತ್ತಿದ್ದೇವೆ.