ಸಿಟಿ ಸ್ಕ್ಯಾನ್ ಮೆಷಿನ್ನಿಗೆ ರಾತ್ರಿ ರಜೆ

ದಾವಣಗೆರೆಯ ಸಣ್ಣ ಸ್ಕ್ಯಾನಿಂಗ್ ಸೆಂಟರ್ ಒಂದರಲ್ಲಿ ನಾನು ಟೆಕ್ನಿಷಿಯನ್. ಬೆಸ್ಕಾಂ ಬಿಲ್ ಇಳಿಸಬೇಕು ಅಂತ ಮಾತು ಬಂದಾಗ ಎಲ್ಲರೂ ಟ್ಯೂಬ್‌ಲೈಟು, ಫ್ಯಾನು ಅಂದರು. ನನ್ನ ಕಣ್ಣು ಇದ್ದದ್ದು ಸುಮ್ನೆ ಕೂತಿರುವ ಸಿಟಿ ಸ್ಕ್ಯಾನ್ ಮೆಷಿನ್ ಮೇಲೆ.

ಸಿಟಿಯಲ್ಲಿ ಎಕ್ಸ್‌ರೇ ಹೊರಡುವುದು ಕೆಲವೇ ಸೆಕೆಂಡು. ಮಿಕ್ಕ ಹೊತ್ತೂ ಗ್ಯಾಂಟ್ರಿ (ರೋಗಿ ಒಳಗೆ ಹೋಗುವ ದೊಡ್ಡ ಉಂಗುರದಂಥ ಭಾಗ), ಕಂಪ್ಯೂಟರ್, ಕೂಲಿಂಗ್ ಎಲ್ಲ ಕರೆಂಟ್ ಎಳೆಯುತ್ತಲೇ ಇರುತ್ತವೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಇದನ್ನು ಅಳೆದೇ ನೋಡಿದ್ದಾರೆ. 2020ರಲ್ಲಿ ಬಂದ ಆ ಲೆಕ್ಕದಲ್ಲಿ, ಸಿಟಿ ತಿನ್ನುವ ಕರೆಂಟಿನ ಮೂರರಲ್ಲಿ ಸುಮಾರು ಎರಡು ಪಾಲು ಸ್ಕ್ಯಾನ್ ನಡೆಯದ ಹೊತ್ತಿನದು!

ನಮ್ಮಲ್ಲಿ ರಾತ್ರಿ ಎಮರ್ಜೆನ್ಸಿ ಇಲ್ಲ. ಆದರೂ ಮೆಷಿನ್ ಆನ್ ಇರುತ್ತಿತ್ತು. "ಬೆಳಿಗ್ಗೆ ಆನ್ ಆಗ್ದೇ ಇದ್ರೆ ಏನ್ ಮಾಡ್ತೀಯ?" ಅಂತ ಮಾಲೀಕರು ಕೇಳಿದರು. ಕೇಳುವ ಮಾತೇ, ಅಲ್ವಾ? ಸರ್ವಿಸ್ ಎಂಜಿನಿಯರನ್ನು ಕರೆಸಿದೆವು. ಮೇನ್ ತೆಗೆಯಬೇಡಿ ಅಂದರು. ಎಕ್ಸ್‌ರೇ ಹಿಡಿದು ಅಳೆಯುವ ಡಿಟೆಕ್ಟರ್ ಒಂದೇ ಬಿಸಿಯಲ್ಲಿ ಇರಬೇಕು, ಇಲ್ಲದಿದ್ದರೆ ಚಿತ್ರದಲ್ಲಿ ಉಂಗುರ ಉಂಗುರವಾಗಿ ಗೆರೆ ಬೀಳುತ್ತದೆ. ಹಾಗಾಗಿ ಡಿಟೆಕ್ಟರಿಗೆ ಕರೆಂಟ್ ಬಿಟ್ಟು, ಕಂಪನಿ ಹೇಳಿದ ಕ್ರಮದಲ್ಲೇ ಉಳಿದದ್ದನ್ನು ಆಫ್ ಮಾಡುತ್ತೇವೆ. ಬೆಳಿಗ್ಗೆ ಸ್ವಲ್ಪ ಬೇಗ ಬಂದು ಟ್ಯೂಬ್ ವಾರ್ಮ್‌ಅಪ್ (ಎಕ್ಸ್‌ರೇ ಟ್ಯೂಬನ್ನು ಮೆಲ್ಲಗೆ ಬಿಸಿ ಮಾಡುವುದು), ಏರ್ ಕ್ಯಾಲಿಬ್ರೇಷನ್ (ಒಳಗೆ ಯಾರೂ ಇಲ್ಲದಾಗ ಡಿಟೆಕ್ಟರ್ ಸರಿಹೊಂದಿಸುವುದು) ಮುಗಿಸಿದರೆ ಸಾಕು. ಇವು ಹೇಗಿದ್ದರೂ ಮಾಡಲೇಬೇಕಾದ ಕೆಲಸ.

ಎಸಿ ವಿಷಯಕ್ಕೆ ಜಾಸ್ತಿ ಜಗಳವಾಯಿತು. ನಮ್ಮೂರಿನ ಏಪ್ರಿಲ್ ಬಿಸಿಲಿಂದ ಒಳಗೆ ಬಂದವರಿಗೆಲ್ಲ 18 ಬೇಕು. ಮ್ಯಾನ್ಯುಯಲ್ ತೆಗೆದು ತೋರಿಸಿದೆ: ನಮ್ಮ ಮಾಡೆಲ್ಲಿಗೆ 22 ಧಾರಾಳ ಸಾಕು. ಮೆಷಿನ್ನಿಗಿಂತ ಮನುಷ್ಯರನ್ನು ಒಪ್ಪಿಸುವುದೇ ಕಷ್ಟ.

ಎಂಆರ್‌ಐ ಮಾತ್ರ ನಿಲ್ಲಿಸುವಂತಿಲ್ಲ. ಅದರ ಅಯಸ್ಕಾಂತವನ್ನು ತಣ್ಣಗಿಡುವ ಹೀಲಿಯಂ ಸುಮಾರು ಮೈನಸ್ 269 ಡಿಗ್ರಿಯಲ್ಲಿ ದ್ರವವಾಗಿಯೇ ಇರಬೇಕು. ಅದಕ್ಕೇ ಕಂಪ್ರೆಸರ್ ಹಗಲೂ ರಾತ್ರಿ ಚಕ್ ಚಕ್ ಅನ್ನುತ್ತಿರುತ್ತದೆ. ಮಿಕ್ಕ ಭಾಗಗಳನ್ನು ಸ್ಟ್ಯಾಂಡ್‌ಬೈಗೆ ಹಾಕುತ್ತೇವೆ, ಅಷ್ಟೇ.

ಇನ್ನು ಫಿಲ್ಮು. ಅದು ಪಾಲಿಯೆಸ್ಟರ್ ಹಾಳೆ, ಮೇಲೆ ಬೆಳ್ಳಿಯ ಲೇಪ. ಜಗಳೂರು, ಚನ್ನಗಿರಿ ಕಡೆಯಿಂದ ಬಂದವರು "ದುಡ್ಡು ಕೊಟ್ಟೀವಿ, ಫಿಲ್ಮ್ ಕೊಡ್ರಿ" ಅನ್ನುತ್ತಾರೆ. ಅವರ ಊರಿನ ಡಾಕ್ಟರು ಅದನ್ನು ಕಿಟಕಿ ಬೆಳಕಿಗೆ ಹಿಡಿದೇ ನೋಡುವುದು. ಹಾಗಾಗಿ ಪೂರ್ತಿ ನಿಲ್ಲಿಸಲಿಲ್ಲ. ಮುಖ್ಯ ಚಿತ್ರಗಳನ್ನು ಒಂದೇ ಹಾಳೆಗೆ ಹಾಕಿ, ಮಿಕ್ಕದ್ದನ್ನು ಮೊಬೈಲಿಗೆ ಲಿಂಕ್ ಕಳಿಸುತ್ತೇವೆ. ಕೆಟ್ಟ ಫಿಲ್ಮು ಕಸಕ್ಕೆ ಹೋಗುವುದಿಲ್ಲ, ಬೆಳ್ಳಿ ತೆಗೆಯುವವರಿಗೆ ಹೋಗುತ್ತದೆ. ಫಿಲ್ಮ್ ತೊಳೆಯಲು ಇನ್ನೂ ಡಾರ್ಕ್‌ರೂಮ್ ಇಟ್ಟುಕೊಂಡವರು ಫಿಕ್ಸರ್ ನೀರನ್ನು (ಚಿತ್ರ ನಿಲ್ಲಿಸುವ ರಾಸಾಯನಿಕ, ಇದರಲ್ಲಿ ಬೆಳ್ಳಿ ಸೇರಿರುತ್ತದೆ) ಚರಂಡಿಗೆ ಬಿಡಬೇಡಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಅದನ್ನು ಬೇರೆಯಾಗಿಯೇ ಹಿಡಿಯಬೇಕು ಅಂತಿದೆ.

ಇತ್ತೀಚೆಗೆ ಕೌಂಟರಿನಲ್ಲಿ "ಹಳೇ ಸ್ಕ್ಯಾನ್ ಇದೆಯಾ?" ಅಂತ ಕೇಳಲು ಶುರು ಮಾಡಿದ್ದೇವೆ. ಇದ್ದರೆ ಬರೆದುಕೊಟ್ಟ ಡಾಕ್ಟರಿಗೇ ಫೋನ್ ಹಚ್ಚಿ, ಅದೇ ಸಾಕಾ ಅಂತ ಕೇಳುತ್ತೇವೆ. ಕೆಲವರು ಸಾಕು ಅನ್ನುತ್ತಾರೆ. ಮಾಲೀಕರು ಎಸಿಯಿಂದ ಬಿಲ್ ಇಳಿದದ್ದನ್ನು ಬಂದವರಿಗೆಲ್ಲ ಹೇಳುತ್ತಾರೆ. ಈ ಫೋನಿನ ವಿಷಯ ಮಾತ್ರ ಎತ್ತುವುದಿಲ್ಲ.