ಪೆಂಡಾಲಿನಲ್ಲಿ ಬ್ಲೈಂಡ್ ಆಡಿಷನ್ ಮಾಡಿದ ಕತೆ

ಟಿವಿಯಲ್ಲಿ ಬರುವ ತಿರುಗುವ ಕುರ್ಚಿಯ ಹಾಡಿನ ಸ್ಪರ್ಧೆಯನ್ನು ನಮ್ಮೂರ ಗಣೇಶನ ಪೆಂಡಾಲಿನಲ್ಲಿ ಮಾಡುತ್ತೇನೆ ಅಂದಾಗ ಸಮಿತಿಯವರೆಲ್ಲ ನಕ್ಕಿದ್ದರು. ಎರಡು ವರ್ಷ ಅವರು ನಕ್ಕಿದ್ದೇ ಸರಿ ಅನ್ನುವ ಹಾಗೆ ಆಯಿತು. ಮೂರನೇ ಸಲ, 2022ರಲ್ಲಿ, ಗೆದ್ದಿತು. 2023ರಲ್ಲೂ ಗೆದ್ದಿತು. ಈಗ ಪಕ್ಕದ ತಾಲ್ಲೂಕಿನ ಸೌಂಡ್ಸ್‌ನವರೆಲ್ಲ ಫೋನ್ ಮಾಡಿ, "ಅಣ್ಣಾ, ಆ ಕುರ್ಚಿ ಬಾಡಿಗೆಗೆ ಕೊಡ್ತೀರಾ?" ಅಂತಾರೆ. ಕೊಡುತ್ತೇನೆ. ಆದರೆ ಬರೀ ಕುರ್ಚಿ ತಗೊಂಡು ಹೋದರೆ ನನ್ನ ಮೊದಲ ವರ್ಷದ ಗತಿಯೇ ಆಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮುಂದೆ ಬರುವ ಮಿಕ್ಸರ್ ಅಂದರೆ ಮೈಕುಗಳ ಸದ್ದನ್ನೆಲ್ಲ ಕೂಡಿಸಿ ಹದ ಮಾಡುವ ಪೆಟ್ಟಿಗೆ, ಆಕ್ಸ್ ಅಂದರೆ ಅದರಿಂದ ಬೇಕಾದ ಸದ್ದನ್ನಷ್ಟೇ ಬೇರೆ ಕಡೆ ಕಳಿಸುವ ದಾರಿ, ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚುವ ಸ್ವಿಚ್ಚು.

ಇದೆಲ್ಲ ಶುರುವಾಗಿದ್ದು ಒಂದು ಮಾತಿನಿಂದ. ಅದಕ್ಕೂ ಮೊದಲಿನ ಒಂದು ಹಬ್ಬದಲ್ಲಿ ಎರಡನೇ ಚರಣವನ್ನೇ ಮರೆತ ಹುಡುಗಿಗೆ ಮೊದಲ ಬಹುಮಾನ ಬಂತು. ಮೈಕ್ ಸ್ಟ್ಯಾಂಡ್ ಬಿಚ್ಚುತ್ತಿದ್ದಾಗ ತೀರ್ಪುಗಾರರೊಬ್ಬರು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಏನ್ಮಾಡೋದು, ಅವರಪ್ಪ ಎದುರಿಗೇ ಕೂತಿದ್ರಲ್ಲ." ಆಗಲೇ ನನಗೆ ಟಿವಿಯ ಆ ಕುರ್ಚಿಗಳು ನೆನಪಾಗಿದ್ದು. ಹಾಲೆಂಡಿನಲ್ಲಿ 2010ರಲ್ಲಿ ಹುಟ್ಟಿದ ‘ದ ವಾಯ್ಸ್’ 2015ರಲ್ಲಿ ಹಿಂದಿಗೂ ಬಂದಿತ್ತು. ಶಾನ್, ಸುನಿಧಿ ಚೌಹಾಣ್, ಮಿಕಾ, ಹಿಮೇಶ್ ನಾಲ್ಕೂ ಜನ ಹಾಡುವವರಿಗೆ ಬೆನ್ನು ಹಾಕಿ ಕೂರುತ್ತಿದ್ದರು. ದನಿ ಹಿಡಿಸಿದರೆ ಮಾತ್ರ ಗುಂಡಿ ಒತ್ತಿ ಹಾಡುವವರ ಕಡೆ ತಿರುಗುವುದು, ಇದೇ ಬ್ಲೈಂಡ್ ಆಡಿಷನ್. ಅವರಪ್ಪ ಯಾರು ಅಂತ ಬೆನ್ನಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

2018. ಮುಚ್ಚಿಹೋದ ಕಂಪ್ಯೂಟರ್ ಸೆಂಟರೊಂದರಿಂದ ನಾಲ್ಕು ರಿವಾಲ್ವಿಂಗ್ ಕುರ್ಚಿ ತಂದೆ. ಒಂದಕ್ಕೆ ಸುಮಾರು 900 ರೂಪಾಯಿ. ಕೆಂಪು ರೆಕ್ಸಿನ್ ಹೊಲಿಸಲು ಇನ್ನೊಂದಷ್ಟು. ಮೋಟರ್ ಗೀಟರ್ ಏನಿಲ್ಲ, ಕಾಲಲ್ಲಿ ನೂಕಿಕೊಂಡು ತಿರುಗುವುದು. ಕೋಚ್‌ಗಳು, ಅಂದರೆ ಹಾಡು ಕೇಳಿ ತಮ್ಮ ತಂಡಕ್ಕೆ ಆರಿಸಿಕೊಳ್ಳುವವರು, ನಾಲ್ವರು: ಜಿಲ್ಲೆಯಲ್ಲಿ ಹೆಸರಿರುವ ಆರ್ಕೆಸ್ಟ್ರಾ ಗಾಯಕರು, ಹೈಸ್ಕೂಲಿನಿಂದ ನಿವೃತ್ತರಾದ ಸಂಗೀತದ ಮೇಡಂ, ಸುಗಮ ಸಂಗೀತ ಹಾಡುವ ಮೇಷ್ಟ್ರು, ಟಿವಿ ಶೋ ಒಂದರಲ್ಲಿ ಒಂದೆರಡು ಸುತ್ತು ದಾಟಿ ಬಂದಿದ್ದ ಹುಡುಗ. ನಮ್ಮೂರ ಮಟ್ಟಿಗೆ ಇವರೇ ಸೆಲೆಬ್ರಿಟಿಗಳು. ಲೋಕಲ್ ಕೇಬಲ್‌ನವರು ಲೈವ್ ಕೊಡಲು ಒಪ್ಪಿದ್ದರು.

ಏಳನೇ ಹಾಡಿಗೇ ಎಡವಟ್ಟಾಯಿತು. ಆರ್ಕೆಸ್ಟ್ರಾ ಗಾಯಕರು ಸ್ವಲ್ಪ ಭಾರದ ಆಳು. ಹಾಡು ಇಷ್ಟವಾಗಿ ಜೋರಾಗಿ ನೂಕಿದರು. ಕುರ್ಚಿಯ ಚಕ್ರ ಕಾರ್ಪೆಟ್ಟಿನ ಮಡಿಕೆಗೆ ಸಿಕ್ಕಿಕೊಂಡಿತು. ಕುರ್ಚಿ ಅಲ್ಲೇ ನಿಂತಿತು, ಅವರು ಮಾತ್ರ ತಿರುಗಿ ಕೆಳಗೆ ಬಂದರು. ಪೆಟ್ಟೇನೂ ಆಗಲಿಲ್ಲ, ಪುಣ್ಯಕ್ಕೆ. ಗಣಪತಿ ವಿಸರ್ಜನೆಗೆ ಮುಂಚೆ ಆ ವಿಡಿಯೋ ಊರಿನ ಎಲ್ಲ ವಾಟ್ಸಾಪ್ ಗ್ರೂಪಿನಲ್ಲೂ ಇತ್ತು.

ಬಿದ್ದಿದ್ದನ್ನು ಜನ ಮರೆತಾರು. ನನ್ನನ್ನು ಕೊರೆದಿದ್ದು ಬೇರೆ. ನಲವತ್ತು ಚಿಲ್ಲರೆ ಜನ ಹಾಡಿದರು, ಮೂವತ್ತೊಂದು ಜನಕ್ಕೆ ಕುರ್ಚಿ ತಿರುಗಿತು! ಯಾರಿಗೂ ಬೇಡ ಅನ್ನಲು ಇವರಿಗೆ ಸಂಕೋಚ. ಬೆನ್ನು ಹಾಕಿ ಕೂತರೂ ದಾಕ್ಷಿಣ್ಯ ಎದುರಿಗೇ ಕೂತಿತ್ತು. ಆ ವರ್ಷ ಕೈಯಿಂದ ಸುಮಾರು 18 ಸಾವಿರ ಹೋಯಿತು.

2019ಕ್ಕೆ ಮೋಟರ್ ಹಾಕೋಣ ಅಂತ ಹೊರಟೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಇಡೀ ದಿನ ಸುತ್ತಿ ಹಳೇ ಕಾರಿನ ವೈಪರ್ ಮೋಟರ್ ನಾಲ್ಕು ತಂದೆ. ವೈಪರ್ ಮೋಟರೇ ಯಾಕೆ ಅಂದರೆ 12 ವೋಲ್ಟ್, ಒಳಗೇ ವರ್ಮ್ ಗೇರ್, ನಿಧಾನಕ್ಕೆ ತಿರುಗಿದರೂ ಬಲ ಜಾಸ್ತಿ. ಸೈಕಲ್ ಚೈನು, ಮೋಟರ್ ಕಡೆ 18 ಹಲ್ಲಿನ ಫ್ರೀವೀಲನ್ನು ತಿರುಗದ ಹಾಗೆ ವೆಲ್ಡ್ ಮಾಡಿದ್ದು, ಕುರ್ಚಿ ಕಡೆ 44 ಹಲ್ಲಿನ ಚಕ್ರ. ಅರ್ಧ ಸುತ್ತಿಗೆ ಎರಡು ಸೆಕೆಂಡಿನ ಆಸುಪಾಸು. ಇದಕ್ಕಿಂತ ಬೇಗ ಬೇಡ, ಮೇಡಂ ಸೆರಗು ಹಿಡಿದುಕೊಳ್ಳಲಿಕ್ಕಾದರೂ ಟೈಮ್ ಬೇಕು. ಕೆಳಗೆ ಆಟೋದ ಮುಂದಿನ ಚಕ್ರದ ಹಬ್ಬು, ಬೇರಿಂಗ್ ಸಮೇತ. ಗುಜರಿಯಲ್ಲಿ ಸಿಕ್ಕಿತು. ಅದರ ಮೇಲೆ ನೂರು ಕೆಜಿ ಆಳು ಕೂತು ಕುಣಿದರೂ ಅಲ್ಲಾಡಲ್ಲ. ಈ ಭಾಗದಲ್ಲಿ ಇವತ್ತಿಗೂ ನಾನು ಏನೂ ಬದಲಾಯಿಸಿಲ್ಲ, ನೋಡಿದ ಲೇತ್‌ನವರೂ ಭೇಷ್ ಅಂದಿದ್ದಾರೆ.

ಕುರ್ಚಿಯೇನೋ ತಿರುಗಿತು. ಪ್ರತಿ ಸಲ ತಿರುಗುವಾಗಲೂ ಸ್ಪೀಕರಿನಲ್ಲಿ "ಟಪ್" ಅಂತ ಗುಂಡು ಹೊಡೆದ ಹಾಗೆ ಸದ್ದು. ಮೋಟರ್ ವೈರನ್ನು ಮೈಕ್ ಕೇಬಲ್ ಜೊತೆಗೇ ಎಳೆದಿದ್ದೆ. ಇಪ್ಪತ್ತು ವರ್ಷದ ಅನುಭವ ಇಟ್ಟುಕೊಂಡು ಮಾಡುವ ಕೆಲಸವಾ ಅದು? ಆಮೇಲೆ ರಿಲೇಗಳಿಗೆಲ್ಲ, ಆಫ್ ಆಗುವಾಗ ಏಳುವ ಕಿಡಿಯನ್ನು ನುಂಗಲಿ ಅಂತ, 4007 ಡಯೋಡ್ ಹಾಕಿದೆ, ವೈರ್ ಬೇರೆ ದಾರಿಯಲ್ಲಿ ತಂದೆ, ಮೋಟರ್‌ಗಳ ಕರೆಂಟನ್ನು ಸೌಂಡಿನಿಂದ ಪೂರ್ತಿ ಬಿಡಿಸಿದೆ. ನಾಲ್ಕೂ ಮೋಟರ್ ಒಟ್ಟಿಗೆ ಎದ್ದರೆ 20 ಆಂಪಿಯರಿನ ಸಪ್ಲೈ ಉಸಿರು ಬಿಟ್ಟುಬಿಡುತ್ತದೆ. ಈಗ ಭಾವಮೈದನ ಟ್ರ್ಯಾಕ್ಟರಿನ ಬ್ಯಾಟರಿಯೇ ಗತಿ. ಹಬ್ಬದ ಎರಡು ದಿನ ಅವನ ಉಳುಮೆ ಬಂದ್.

ಇನ್ನೊಂದು ತಮಾಷೆ ಕೇಳಿ. ಗುಂಡಿಯನ್ನು ಕುರ್ಚಿಯ ಕೈಗೇ ಕೂರಿಸಿದ್ದೆ. ಕುರ್ಚಿ ಒಂದೇ ದಿಕ್ಕಿಗೆ ತಿರುಗುತ್ತದೆ. ಹದಿನೈದು ಹಾಡು ಆಗುವಷ್ಟರಲ್ಲಿ ವೈರು ಕಬ್ಬಿನ ಗಾಣಕ್ಕೆ ಸುತ್ತಿದ ಹಗ್ಗದ ಹಾಗೆ ಸುತ್ತಿಕೊಂಡು ಪಟ್ ಅಂತು. ಮೇಷ್ಟ್ರು ಪಾಪ ಒತ್ತುತ್ತಲೇ ಇದ್ದಾರೆ, ಕುರ್ಚಿ ಕದಲುತ್ತಿಲ್ಲ. ಒಬ್ಬ ಒಳ್ಳೆ ಹುಡುಗ ಹಾಗೇ ಹೊರಗೆ ಹೋದ. ಈಗ ಗುಂಡಿ ಕುರ್ಚಿಯಲ್ಲಿಲ್ಲ, ಮುಂದೆ ಒಂದು ಸಣ್ಣ ಸ್ಟ್ಯಾಂಡಿನ ಮೇಲಿದೆ. ಬರೀ ಕಾಲಿಂಗ್ ಬೆಲ್ ಸ್ವಿಚ್ಚು.

ಇಷ್ಟಾದರೂ ಆ ವರ್ಷ ಸೋತಿದ್ದು ಮೆಕ್ಯಾನಿಕ್ ಕೆಲಸದಿಂದಲ್ಲ. ಸ್ಟೇಜಿಗೆ ಬೆನ್ನು ಹಾಕಿದರೆ ಮುಖ ಯಾರ ಕಡೆ ಇರುತ್ತೆ? ಜನರ ಕಡೆ. ಮುಂದಿನ ಸಾಲಿನಲ್ಲಿ ಅಪ್ಪಂದಿರು. ಒಬ್ಬರು ಕೆಮ್ಮುತ್ತಾರೆ, ಒಬ್ಬರು ಎದ್ದು ನಿಂತು ಪಂಚೆ ಸರಿಮಾಡಿಕೊಳ್ಳುತ್ತಾರೆ, ಇನ್ನೊಬ್ಬರಂತೂ ಎರಡು ಕೈ ಎತ್ತಿ ಕೋಚ್‌ಗೆ ನಮಸ್ಕಾರವನ್ನೇ ಮಾಡಿದರು. ಮೋಟರ್ ಸದ್ದು ಬೇರೆ. ಒಂದು ಕುರ್ಚಿ ಗುರ್ ಅಂದರೆ ಉಳಿದ ಮೂವರೂ ‘ನಾನೇನು ಕಮ್ಮಿ’ ಅಂತ ಒತ್ತಿಬಿಡುವುದು. ನಿರೂಪಕಿ ಹೆಸರು ಹೇಳಿಬಿಡುತ್ತಾಳೆ. ಹುಡುಗರು ಹಿಂದಿನಿಂದ ಅಡ್ಡಹೆಸರು ಹಿಡಿದು ಕೂಗುತ್ತಾರೆ. ಬ್ಲೈಂಡ್ ಅನ್ನುವುದು ಹೆಸರಿಗೆ ಮಾತ್ರ.

ನಷ್ಟ 46 ಸಾವಿರದ ಹತ್ತಿರ. ಲೆಕ್ಕದ ಪುಸ್ತಕ ನೋಡುವುದು ನಮ್ಮ ಮನೆಯವಳೇ. "ಈ ದುಡ್ಡಿಗೆ ಎರಡು ಹೊಸ ಟಾಪ್ ಸ್ಪೀಕರ್ ಬರ್ತಿತ್ತು ರೀ" ಅಂದಳು. ನಿಜವೇ, ಏನು ಹೇಳಲಿ.

ಆಮೇಲೆ ಎರಡು ವರ್ಷ ಕೊರೋನಾ. ಹಬ್ಬವೂ ಇಲ್ಲ, ಆರ್ಡರೂ ಇಲ್ಲ. ಕುರ್ಚಿಗಳು ಗೋಡೌನಿನಲ್ಲಿ ಬಿದ್ದಿದ್ದವು, ಒಂದರ ಸೀಟಿನೊಳಗೆ ಇಲಿ ಮರಿ ಹಾಕಿತ್ತು. ಕೆಲಸ ಇಲ್ಲದೆ ಅಲ್ಲೇ ಒಂದರ ಮೇಲೆ ಕೂತು ಯೋಚನೆ ಮಾಡುತ್ತಿದ್ದೆ. ಹಾಗೆ ಕೂತಾಗ ಎದುರಿಗೆ ಒಂದು ಹಳೇ ಫ್ಲೆಕ್ಸ್ ನೇತುಬಿದ್ದಿತ್ತು. ಅದನ್ನು ನೋಡುತ್ತಾ ನೋಡುತ್ತಾ ಹೊಳೆಯಿತು.

2022ರ ಹಬ್ಬಕ್ಕೆ ಕೋಚ್‌ಗಳನ್ನು ಸ್ಟೇಜಿನಿಂದ ಕೆಳಗಿಳಿಸಿದೆ. ಸ್ಟೇಜ್ ನಾಲ್ಕು ಅಡಿ ಎತ್ತರ. ಅದರ ಮುಂದೆ ನೆಲದ ಮೇಲೆ ಹಲಗೆ ಹಾಕಿ ನಾಲ್ಕು ಕುರ್ಚಿ. ಕುರ್ಚಿಗಳ ಮುಂದೆ, ಜನರಿಗೂ ಅವರಿಗೂ ನಡುವೆ, 24 ಅಡಿ ಉದ್ದ 5 ಅಡಿ ಎತ್ತರದ ಫ್ಲೆಕ್ಸ್. ಕೋಚ್‌ಗೆ ಜನ ಕಾಣಲ್ಲ, ಹಾಡುವವರೂ ಕಾಣಲ್ಲ. ಜನರಿಗೆ ಹಾಡುವವರು ಫ್ಲೆಕ್ಸಿನ ಮೇಲಿಂದ ಚೆನ್ನಾಗಿ ಕಾಣುತ್ತಾರೆ. ಮುಂದಿನ ಸಾಲಿನ ದೊಡ್ಡ ಮನುಷ್ಯರಿಗೆ ಮಾತ್ರ ಸೊಂಟದಿಂದ ಮೇಲೆ. ಅವರು ಗೊಣಗಿದರು, ಗೊಣಗಲಿ. ಫ್ಲೆಕ್ಸಿನಲ್ಲಿ ಕೈ ಹಿಡಿಯುವಷ್ಟು ತೂತು ಮಾಡಿ ಕೇಬಲ್‌ನವರ ಕ್ಯಾಮೆರಾ ಇಟ್ಟೆ. ಕೋಚ್‌ಗಳ ಮುಖ ಪಕ್ಕದ ಪರದೆ ಮೇಲೆ ಪ್ರೊಜೆಕ್ಟರಿನಲ್ಲಿ. ಎಲ್‌ಇಡಿ ವಾಲ್‌ಗೆ ದಿನಕ್ಕೆ 15 ಸಾವಿರ ಕೇಳಿದ್ದರು, ಬೇಡವೇ ಬೇಡ ಅಂದೆ.

ಆ ಫ್ಲೆಕ್ಸಿನ ಹೊರಮೈಯನ್ನು ನಾಲ್ಕು ಭಾಗ ಮಾಡಿ ಒಂದಕ್ಕೆ 10 ಸಾವಿರದಂತೆ ಮಾರಿದೆ. ಗೊಬ್ಬರದ ಅಂಗಡಿ, ಒಡವೆ ಅಂಗಡಿ, ಟೈಲ್ಸ್, ಒಂದು ಟ್ಯೂಷನ್ ಸೆಂಟರ್. ಎರಡು ದಿನ ಇಡೀ ಊರು ಅದನ್ನೇ ನೋಡುತ್ತಾ ಕೂರುತ್ತೆ ಅಂದರೆ ಯಾರು ಬೇಡ ಅಂತಾರೆ? ಈ ಐಡಿಯಾ ನನ್ನದೇ, ಬೇರೆಯವರು ತಮ್ಮದು ಅಂತ ಹೇಳಿಕೊಂಡು ತಿರುಗುತ್ತಿದ್ದಾರೆ ಅಂತ ಕೇಳಿದ್ದೇನೆ.

ಸೀಟಿಯ ಸದ್ದು, ಕೂಗಾಟ ಕೇಳಿಸದ ಹಾಗೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಕೊಟ್ಟೆ. ಆಕ್ಸ್‌ನಲ್ಲಿ ಬರೀ ಮೈಕು ಮತ್ತು ಟ್ರ್ಯಾಕ್, ಅಂದರೆ ಹಾಡಿನ ಹಿನ್ನೆಲೆ ಸಂಗೀತ. ಮೇಡಂ ತುರುಬು, ಅದರ ಮೇಲೆ ಎರಡು ಮೊಳ ಮಲ್ಲಿಗೆ. ಹೆಡ್‌ಫೋನ್ ಕೂರುತ್ತಲೇ ಇಲ್ಲ. ಕೊನೆಗೆ ಅದರ ಪಟ್ಟಿಯನ್ನು ಗಲ್ಲದ ಕೆಳಗೆ ಹಾಕಿಕೊಂಡು, ಗಡ್ಡ ಕಟ್ಟಿದ ಹಾಗೆ, ಎರಡು ದಿನವೂ ಕೂತರು. ಒಂದು ದಿನವೂ ಬೇಜಾರು ಮಾಡಿಕೊಳ್ಳಲಿಲ್ಲ. ಹೆಸರಿನ ಬದಲು ಟೋಕನ್ ನಂಬರ್. ಹಾಡುವವರು ‘ಎಲ್ಲರಿಗೂ ನಮಸ್ಕಾರ’ ಅನ್ನುವ ಹಾಗಿಲ್ಲ, ಹಾಡು ಶುರುವಾಗುವವರೆಗೆ ನಾನು ಮೈಕೇ ತೆರೆಯಲ್ಲ.

ಕುರ್ಚಿಗಳನ್ನೂ ಹಾಡಿನ ಮಧ್ಯೆ ತಿರುಗಲು ಬಿಡಲಿಲ್ಲ. ಗುಂಡಿ ಒತ್ತಿದರೆ ನನ್ನ ಮಿಕ್ಸರ್ ಹತ್ತಿರ ಒಂದು ದೀಪ ಹತ್ತುತ್ತದೆ, ಅಷ್ಟೇ. ಹಾಡು ಮುಗಿದ ಮೇಲೆ ನಾನು ಒಂದು ಸ್ವಿಚ್ ಎಳೆಯುತ್ತೇನೆ, ಒತ್ತಿದವರ ಕುರ್ಚಿಗಳೆಲ್ಲ ಒಟ್ಟಿಗೆ ತಿರುಗುತ್ತವೆ. "ಮಜಾನೇ ಹೋಯ್ತು, ಟಿವಿಯಲ್ಲಿ ಹಾಗಿಲ್ಲ" ಅಂತ ಸಮಿತಿಯವರು ಜಗಳಕ್ಕೇ ಬಂದರು. ಮೊದಲ ಹಾಡು ಮುಗಿದು ಮೂರು ಸೆಕೆಂಡ್ ಪೆಂಡಾಲ್ ಉಸಿರು ಹಿಡಿದು ಕೂತಿದ್ದನ್ನು ನೋಡಿ ಸುಮ್ಮನಾದರು. ಒಬ್ಬರನ್ನು ನೋಡಿ ಒಬ್ಬರು ಒತ್ತುವುದು ಅಲ್ಲಿಗೆ ನಿಂತಿತು.

ದಾಕ್ಷಿಣ್ಯಕ್ಕೆ ಮದ್ದು ಸುಲಭ: ಒಬ್ಬರಿಗೆ ಐದೇ ಜನರ ತಂಡ. ಐದು ಬೆಲ್ಲದಚ್ಚು ಮುಂದಿಟ್ಟೆ. ಒಬ್ಬರು ತಂಡಕ್ಕೆ ಬಂದರೆ ಒಂದು ಅಚ್ಚು ಎತ್ತಿಬಿಡುವುದು. ಖಾಲಿಯಾಗುವುದು ಕಣ್ಣಿಗೆ ಕಂಡರೆ ಕೈ ಬಿಗಿಯಾಗುತ್ತದೆ. ಆದರೆ ಮೊದಲ ದಿನವೇ ಎಲ್ಲ ಖಾಲಿ ಮಾಡಿ ಕೂರಬಾರದಲ್ಲ. ಅದಕ್ಕೆ ಹಾಡುವವರ ಸರದಿಯನ್ನು ಜೋಡಿಸುವ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ, ಕುರ್ಚಿ ಬಾಡಿಗೆಗೆ ತಗೊಂಡವರಿಗೆ ಮಾತ್ರ.

ಒಂದು ಹುಚ್ಚು ಪ್ರಯೋಗವನ್ನೂ ಮಾಡಿದ್ದೆ. ಸಣ್ಣ ಊರು, ದನಿ ಕೇಳಿದರೇ ಯಾರ ಮನೆ ಹುಡುಗ ಅಂತ ಗೊತ್ತಾಗುತ್ತದೆ. ಹಾಗಾಗಿ ಹೆಡ್‌ಫೋನಿಗೆ ಹೋಗುವ ದನಿಯ ಶ್ರುತಿಯನ್ನು ಅರ್ಧ ಮನೆ, ಅಂದರೆ ಅರ್ಧ ಸ್ವರದಷ್ಟು, ಏರಿಸಿ ಕಳಿಸೋಣ ಅಂತ ರಿಹರ್ಸಲ್‌ನಲ್ಲಿ ನೋಡಿದೆ. ಮೇಷ್ಟ್ರಿಗೆ ಏನೂ ಗೊತ್ತಾಗಲಿಲ್ಲ. ಮೇಡಂ ಎರಡನೇ ಸಾಲಿಗೇ ಹೆಡ್‌ಫೋನ್ ತೆಗೆದಿಟ್ಟು, "ಯಾರೋ ಇದು ಶ್ರುತಿ ಕೆಡಿಸಿರೋದು? ಹುಡುಗಿ ತಪ್ಪಲ್ಲ ಇದು" ಅಂದರು. ಅಲ್ಲಿಗೆ ಬಿಟ್ಟೆ.

ಬೆನ್ನು ಹಾಕಿ ಕೂರಿಸಿದರೆ ಇನ್ನೊಂದು ಕಾಯಿಲೆ ಬರುತ್ತದೆ, ಇದನ್ನು ಯಾರೂ ಹೇಳಲ್ಲ. ನಕಲು ಮಾಡುವವರು ಗೆಲ್ಲುತ್ತಾರೆ. ಕಣ್ಣಿಗೆ ಏನೂ ಕಾಣದಿದ್ದಾಗ ಥೇಟ್ ಎಸ್‌ಪಿಬಿ, ಥೇಟ್ ಜಾನಕಿಯಮ್ಮ ಅನಿಸುವ ದನಿಗೆ ಕೈ ತಾನಾಗಿ ಗುಂಡಿಗೆ ಹೋಗುತ್ತದೆ. ಸ್ವಂತ ದನಿ ಇರುವವರು ಉಳಿದುಬಿಡುತ್ತಾರೆ. ಇದಕ್ಕೆ ಮೇಡಂ ಹೇಳಿದ ದಾರಿ: ಸಿನಿಮಾ ಹಾಡಿಗೆ ಮೊದಲು ಒಂದು ವಚನವೋ ತತ್ವಪದವೋ ನಾಲ್ಕು ಸಾಲು, ಟ್ರ್ಯಾಕ್ ಇಲ್ಲದೆ, ಬರೀ ಶ್ರುತಿಪೆಟ್ಟಿಗೆಗೆ. ಅಲ್ಲಿ ನಕಲು ಮಾಡಲು ಸಿನಿಮಾ ದನಿಯೇ ಸಿಗಲ್ಲ. ಆಮೇಲೆ ಒಂದೂವರೆ ನಿಮಿಷ ಅವರಿಷ್ಟದ ಹಾಡು. 62 ಜನ, ಎರಡು ಸಂಜೆ. ರಾತ್ರಿ ಹತ್ತರ ನಂತರ ಸ್ಪೀಕರ್ ಹಾಕುವ ಹಾಗಿಲ್ಲ, ಹಾಗಾಗಿ ಒಂಬತ್ತೂ ಮುಕ್ಕಾಲಿಗೆ ಆಫ್.

ದುಡ್ಡಿನ ಲೆಕ್ಕ ನೆನಪಿದ್ದಷ್ಟು: ಫ್ಲೆಕ್ಸಿನಿಂದ 40 ಸಾವಿರ, ಪ್ರವೇಶ ಶುಲ್ಕ ತಲೆಗೆ 200ರಂತೆ 12 ಸಾವಿರ ಚಿಲ್ಲರೆ, ಸಮಿತಿಯಿಂದ 15 ಸಾವಿರ, ಕೇಬಲ್‌ನವರು ಜಾಹೀರಾತಿನಲ್ಲಿ ಐದು ಕೊಟ್ಟರು. ಹೋಗಿದ್ದು: ಟಿವಿ ಹುಡುಗ 35 ಕೇಳಿ 20ಕ್ಕೆ ಇಳಿದ, ಆರ್ಕೆಸ್ಟ್ರಾದವರಿಗೆ ಎಂಟು, ಮೇಡಂ ಮತ್ತು ಮೇಷ್ಟ್ರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಜೊತೆಗೆ ಮೂರೂವರೆ ಮೂರೂವರೆ. ಬಹುಮಾನ 18. ಹಾಡುಗಳ ಹಕ್ಕಿಗೆ ಕಟ್ಟುವ ಐಪಿಆರ್‌ಎಸ್ ಲೈಸೆನ್ಸು, ಪರ್ಮಿಷನ್ನು, ಊಟ ಎಲ್ಲ ಕಳೆದು ಐದಾರು ಸಾವಿರ ಉಳಿಯಿತು. ಹಳೇ ನಷ್ಟ ಇನ್ನೂ ಪೂರ್ತಿ ತೀರಿಲ್ಲ. ಅದು ಬಾಡಿಗೆಯಲ್ಲಿ ತೀರುತ್ತಿದೆ.

ಬಾಡಿಗೆ ನಾಲ್ಕು ಕುರ್ಚಿಗೆ ದಿನಕ್ಕೆ ಆರು ಸಾವಿರ, ಜೊತೆಗೆ ನಮ್ಮ ಹುಡುಗ ಒಬ್ಬ ಬರುತ್ತಾನೆ. ಬ್ಯಾಟರಿ ನಿಮ್ಮದು. ಮಳೆ ಬಂದರೆ ಮೊದಲು ಕುರ್ಚಿ ಮುಚ್ಚಿ, ಆಮೇಲೆ ಮಿಕ್ಸರ್. ಮೂರನೇ ಕುರ್ಚಿಯನ್ನು ಸರಿಯಾದ ಜಾಗಕ್ಕೆ ನಿಲ್ಲಿಸುವ ಲಿಮಿಟ್ ಸ್ವಿಚ್ಚಿಗೆ ಹೋದ ಹಬ್ಬದಲ್ಲಿ ನೀರು ಹೋಗಿದೆ, ಇನ್ನೂ ಬದಲಾಯಿಸಿಲ್ಲ. ಒಂದು ಗೇಣು ಜಾಸ್ತಿ ತಿರುಗುತ್ತದೆ. ಅದರಲ್ಲಿ ಕೂತವರು ಹಾಡುವವರನ್ನು ಬಿಟ್ಟು ಗಣಪತಿಯನ್ನು ನೋಡುತ್ತಾರೆ. ಮೇಷ್ಟ್ರು ಅದನ್ನೇ ಬೇಕು ಅಂತ ಕೇಳಿ ಕೂರುತ್ತಾರೆ.